ಮೊಮ್ಮಕ್ಕಳನ್ನು ಸಾಕುವ ಹಿರಿಯರ ಮನಸ್ಸು ಮತ್ತು ಧರ್ಮ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹಟ್ಟಿಗಳಲ್ಲಿ ಅಜ್ಜಿ ತಾತಂದಿರು ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಹೊಸದೇನಲ್ಲ. ಮನೆ ತುಂಬ ಜನರಿದ್ದ ಕಾಲದಲ್ಲಿ ಕೂಸು ಆಡಿಸುವುದು ಹಿರಿಯರ ಪಾಲಿನ ಕೆಲಸವಾಗಿತ್ತು. ತಾಯಿ ಶೇಂಗಾ ಹೊಲದಲ್ಲಿದ್ದರೂ ಹೊತ್ತು ಮುಳುಗುವುದರೊಳಗೆ ಮನೆಗೆ ಬರುತ್ತಿದ್ದಳು. ಈಗ ಎಷ್ಟೋ ಮನೆಗಳ ಸ್ಥಿತಿ ಬೇರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಸೇರುತ್ತವೆ. ಮಳೆ ಕೈಕೊಟ್ಟರೆ ಶೇಂಗಾ ಹೋಯಿತು, ಶೇಂಗಾ ಹೋದರೆ ದುಡಿಯುವ ವಯಸ್ಸಿನವರು ಗುಳೆ ಹೊರಟರು. ಕೆಲವರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರುತ್ತಾರೆ, ಕೆಲವರು ಗಾರ್ಮೆಂಟ್ಸಿಗೆ. ಶೆಡ್ಡಿನಲ್ಲಿ ಮಗುವನ್ನಿಟ್ಟುಕೊಂಡು ಬದುಕುವುದು ಕಷ್ಟವೆಂದು ಮಗುವನ್ನು ಊರಿನಲ್ಲೇ ಬಿಡುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮಗ ಅಪಘಾತದಲ್ಲೋ ಸಾಲದ ಬಾಧೆಯಲ್ಲೋ ಕುಡಿತದಲ್ಲೋ ತೀರಿಹೋಗಿರುತ್ತಾನೆ. ಬೇರೆ ಕೆಲವು ಕಡೆ ಸಂಬಂಧ ಮುರಿದು, ಮಗುವಿನ ತಂದೆಗೋ ತಾಯಿಗೋ ಇನ್ನೊಂದು ಮದುವೆಯಾಗಿರುತ್ತದೆ. ಕಾರಣ ಯಾವುದೇ ಇರಲಿ, ಮಗುವಿನ ಊಟ, ಜ್ವರ, ಶಾಲೆ, ಆಧಾರ್ ಕಾರ್ಡು, ರಾತ್ರಿಯ ಅಳು ಎಲ್ಲವೂ ಅರವತ್ತು ದಾಟಿದ ಒಂದೋ ಎರಡೋ ಜೀವಗಳ ಮೇಲೆ ಬೀಳುತ್ತವೆ.

ಈ ಹಿರಿಯರ ಮನಸ್ಸಿನ ಆರೋಗ್ಯ ವೈದ್ಯರ ವಿಷಯವಾದಷ್ಟೇ ಧರ್ಮದ ವಿಷಯವೂ ಹೌದು. ತಮ್ಮ ದಣಿವನ್ನು ಅವರು ವೈದ್ಯರ ಮಾತಿನಲ್ಲಿ ಅರ್ಥ ಮಾಡಿಕೊಳ್ಳುವುದು ಅಪರೂಪ. ಋಣ, ಕರ್ಮ, ಮೋಹ, ಹಣೆಬರಹ ಎಂಬ ಮಾತುಗಳಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಆ ಮಾತುಗಳು ಒಮ್ಮೆ ಅವರನ್ನು ಎತ್ತಿ ನಿಲ್ಲಿಸುತ್ತವೆ, ಒಮ್ಮೆ ಬಾಯಿ ಕಟ್ಟಿಸುತ್ತವೆ. ಮೊಮ್ಮಕ್ಕಳನ್ನು ಸಾಕುವುದು ಹಿರಿಯರ ಧರ್ಮವೇ? ಹೌದಾದರೆ, ಸಾಕುವವರ ಮನಸ್ಸನ್ನು ಕಾಯುವುದು ಯಾರ ಧರ್ಮ? ಮೊದಲ ಪ್ರಶ್ನೆಗೆ ಊರಿನಲ್ಲಿ ಉತ್ತರ ಹೇಳುವವರು ನೂರು ಜನ ಸಿಗುತ್ತಾರೆ. ಎರಡನೆಯದನ್ನು ಕೇಳುವವರೇ ಕಡಿಮೆ.

ಈ ಮನಸ್ಸಿನ ಭಾರ ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ರಾತ್ರಿ ಎಂಟರ ಸುಮಾರಿಗೆ ಬೆಂಗಳೂರಿನಿಂದ ಬರುವ ಫೋನನ್ನೇ ನೋಡಬಹುದು. ಅಜ್ಜಿ ಫೋನಿನ ಸ್ಪೀಕರ್ ಹಾಕಿ ಮಗುವಿನ ಮುಂದೆ ಹಿಡಿಯುತ್ತಾಳೆ. ಮಗು ಎರಡು ಮಾತಾಡಿ, ಮುಖ ತಿರುಗಿಸಿ, ಆಟಕ್ಕೆ ಓಡುತ್ತದೆ. “ಅವ್ವಾ, ಪಾಪು ಉಂಡ್ತಾ?” ಎಂದು ಮಗ ಕೇಳುತ್ತಾನೆ. “ಹೂಂ ಕಣಪ್ಪಾ, ಉಂಡ್ತು.” “ಇಸ್ಕೂಲಿಗೆ ಹೋಗಿದ್ನಾ?” “ಹೋಗಿದ್ದ.” “ದುಡ್ಡು ಶನಿವಾರ ಹಾಕ್ತೀನಿ.” “ಆಗ್ಲಪ್ಪಾ.” ಕರೆ ಮುಗಿಯಿತು. ಮಂಡಿ ಬಾತು ಎರಡು ದಿನದಿಂದ ಮುದ್ದೆ ತೊಳಸುವುದಕ್ಕೆ ಕೂರಲು ಆಗುತ್ತಿಲ್ಲ, ಬೆಳಗಿನ ಮೂರಕ್ಕೇ ಎಚ್ಚರವಾಗುತ್ತದೆ, ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂಬ ಯಾವ ಸಂಗತಿಯೂ ಆ ಕರೆಯಲ್ಲಿ ಬರಲಿಲ್ಲ. ಮಗ ಕಟುಕನಲ್ಲ. ಕೇಳಿದರೆ ತಾನು ಏನು ಮಾಡಬಲ್ಲೆ ಎಂಬ ಭಯ ಅವನಿಗಿದೆ. ಹೇಳಿದರೆ ಅವನು ಕೆಲಸ ಬಿಟ್ಟು ಬಂದಾನು ಎಂಬ ಭಯ ಅವಳಿಗಿದೆ. ಇಬ್ಬರೂ ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಂಡಿದ್ದಾರೆ.

ವಯಸ್ಸಾದವರಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ತಲೆಭಾರ, ಎದೆಭಾರ, ಮೈಕೈ ನೋವು, ನಿದ್ದೆಗೇಡು, ಹಸಿವಿಲ್ಲದಿರುವುದು, ಕಾರಣವಿಲ್ಲದೆ ಮಗುವಿನ ಮೇಲೆ ರೇಗುವುದು, ರೇಗಿದ್ದಕ್ಕೆ ಆಮೇಲೆ ಕೊರಗುವುದು ಹೀಗೆಲ್ಲ ತೋರಿಕೊಳ್ಳುತ್ತದೆ. ಹೀಗಾಗಿ ಅವರು ಹೋಗುವುದು ಮಾತ್ರೆ ಅಂಗಡಿಗೆ. ನೋವಿನ ಮಾತ್ರೆ ತಂದು ನುಂಗಿ ಸುಮ್ಮನಾಗುತ್ತಾರೆ. ಬೇಸರ, ನಿರಾಸಕ್ತಿ, ನಿದ್ದೆಗೇಡು ಎರಡು ವಾರ ಬಿಡದೆ ಉಳಿದರೆ ವೈದ್ಯರಿಗೆ ತೋರಿಸಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ಅಳತೆ. “ಈ ಕೂಸೊಂದು ಇಲ್ದಿದ್ರೆ ಯಾವಾಗ್ಲೋ ಹೋಗಿಬಿಡ್ತಿದ್ದೆ” ಎಂಬ ಮಾತನ್ನು ಊರಿನಲ್ಲಿ ಪ್ರೀತಿಯ ಮಾತೆಂದು ಕೇಳಿಸಿಕೊಳ್ಳುವುದುಂಟು. ಅದರೊಳಗೆ ಪ್ರೀತಿ ಇದೆ, ಸಾವಿನ ಯೋಚನೆಯೂ ಇದೆ. ಅದನ್ನು ಕೇಳಿದವರು ತಲೆದೂಗಿ ಎದ್ದು ಹೋಗದೆ, ಪಕ್ಕದಲ್ಲಿ ಕೂತು ಮುಂದಿನ ಮಾತು ಕೇಳಬೇಕು.

ಇನ್ನು ಧರ್ಮದ ಮಾತು. ಮನುಸ್ಮೃತಿಯ ಆರನೆಯ ಅಧ್ಯಾಯದ ಆರಂಭದಲ್ಲೇ ವಾನಪ್ರಸ್ಥದ ವಿಧಿ ಬರುತ್ತದೆ. ಗೃಹಸ್ಥನು ತನ್ನ ಮೈ ಸುಕ್ಕುಗಟ್ಟಿದ್ದನ್ನೂ ಕೂದಲು ನೆರೆತದ್ದನ್ನೂ ಮಕ್ಕಳ ಮಕ್ಕಳನ್ನೂ ಕಂಡಾಗ ಕಾಡಿಗೆ ಹೊರಡಬೇಕೆಂದು ಅದು ಹೇಳುತ್ತದೆ. ಮೊಮ್ಮಗುವಿನ ಮುಖ ಕಾಣುವುದು ಅಲ್ಲಿ ಬಿಡುಗಡೆಯ ಗುರುತು. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿ ಹೋಗಬಹುದು, ಇಲ್ಲವೆ ಜೊತೆಗೆ ಕರೆದೊಯ್ಯಬಹುದು ಎಂಬ ಮಾತೂ ಅಲ್ಲೇ ಇದೆ. ಅಂದರೆ ಭಾರ ಹೊರಲು ಮುಂದಿನ ತಲೆಮಾರು ಮನೆಯಲ್ಲಿದೆ ಎಂದು ಆ ವಿಧಿ ಮೊದಲೇ ನಂಬಿಕೊಂಡಿದೆ. ನಡುವಿನ ತಲೆಮಾರೇ ಇಲ್ಲದ ಮನೆಯನ್ನು ಅದು ಊಹಿಸಿಲ್ಲ. ಈ ವಿಧಿ ದ್ವಿಜ ಪುರುಷರಿಗೆ ಹೇಳಿದ್ದು; ಈ ತಾಲ್ಲೂಕುಗಳ ನಾಯಕರು, ಕಾಡುಗೊಲ್ಲರು, ಕುರುಬರು, ದಲಿತರನ್ನು, ಅವರ ಹೆಂಗಸರನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೂ ಅದರ ನೆರಳು ಎಲ್ಲರ ಮೇಲೂ ಬಿದ್ದಿದೆ. ವಯಸ್ಸಾದ ಮೇಲೆ ರಾಮಾ ಕೃಷ್ಣಾ ಎಂದುಕೊಂಡು ಇರಬೇಕು ಎಂಬುದು ಜಾತಿಭೇದವಿಲ್ಲದೆ ಹಳ್ಳಿಯಲ್ಲಿ ಎಲ್ಲರೂ ಆಡುವ ಮಾತು. ಹಾಗಿರಲು ಆಗದವರಿಗೆ ಏನೋ ತಪ್ಪಿಹೋಯಿತು, ಪರಕ್ಕೆ ಗಂಟು ಕಟ್ಟಿಕೊಳ್ಳಲಿಲ್ಲ ಎಂಬ ಕೊರಗು ಉಳಿಯುತ್ತದೆ.

ಋಣದ ಮಾತೂ ಹೀಗೆಯೇ. ಹುಟ್ಟುವಾಗಲೇ ಮೂರು ಋಣಗಳಿರುತ್ತವೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ: ಅಧ್ಯಯನದಿಂದ ಋಷಿಗಳ ಋಣ, ಯಜ್ಞದಿಂದ ದೇವತೆಗಳ ಋಣ, ಸಂತಾನದಿಂದ ಪಿತೃಗಳ ಋಣ ತೀರುತ್ತವೆ. ಈ ಲೆಕ್ಕವನ್ನೇ ಹಿಡಿದು ನೋಡಿದರೂ ಮಕ್ಕಳನ್ನು ಹೆತ್ತು ಬೆಳೆಸಿದವರ ಪಿತೃಋಣ ಅಂದಿಗೇ ತೀರಿತು. ಮೊಮ್ಮಕ್ಕಳನ್ನು ಸಾಕಿದರೆ ಮಾತ್ರ ತೀರುವ ಸಾಲ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಅಜ್ಜಿ ಮಾಡುತ್ತಿರುವುದು ಸಾಲದ ಕಂತು ಕಟ್ಟುವ ಕೆಲಸವಲ್ಲ. ಅದು ದಾನ, ಅದೂ ತನ್ನ ಬಳಿ ಉಳಿದಿರುವ ಸ್ವಲ್ಪ ಶಕ್ತಿಯಲ್ಲೇ ಮಾಡುವ ದಾನ. ಸಾಲ ತೀರಿಸುವವರನ್ನು ಯಾರೂ ವಿಚಾರಿಸಿಕೊಳ್ಳುವುದಿಲ್ಲ, ಅದು ಅವರ ಕರ್ತವ್ಯವೆಂದು ಬಿಡುತ್ತಾರೆ. ದಾನ ಮಾಡುವವರ ಕೈ ಸೋತಾಗ ಪಡೆದವರು ಓಡಿ ಬರಬೇಕು. ಊರಿನ ಮಾತಿನಲ್ಲಿ ಇದನ್ನು ‘ಋಣಾನುಬಂಧ’ ಎಂದು ಮುಗಿಸುವಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಹಿರಿಯರ ಮನಸ್ಸಿಗೆ ಅದರಿಂದ ಆಗುವ ಕೇಡು ಸಣ್ಣದಲ್ಲ.

ಮೋಹದ ಪ್ರಶ್ನೆ ಇದಕ್ಕಿಂತ ಜಟಿಲವಾದದ್ದು. ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಭರತನ ಕಥೆ ಹರಿಕಥೆಗಳಿಂದ ಎಲ್ಲರಿಗೂ ಪರಿಚಿತ. ಋಷಭನ ಮಗನಾದ ಈ ರಾಜ ಮಕ್ಕಳಿಗೆ ರಾಜ್ಯ ಹಂಚಿ, ಗಂಡಕೀ ನದಿಯ ದಡದ ಪುಲಹಾಶ್ರಮಕ್ಕೆ ತಪಸ್ಸಿಗೆಂದು ಬಂದಿದ್ದ. ಸಿಂಹದ ಗರ್ಜನೆಗೆ ಬೆಚ್ಚಿದ ತುಂಬು ಗರ್ಭದ ಜಿಂಕೆಯೊಂದು ನದಿ ಹಾರಿತು, ಮರಿ ನೀರಿಗೆ ಬಿತ್ತು, ತಾಯಿ ಸತ್ತಿತು. ತೇಲಿಹೋಗುತ್ತಿದ್ದ ಮರಿಯನ್ನು ಭರತ ಎತ್ತಿ ತಂದು ಸಾಕಿದ. ಅದು ಕಣ್ಮರೆಯಾದರೆ ತಳಮಳಿಸುತ್ತಿದ್ದ, ಜಪತಪಗಳು ಒಂದೊಂದಾಗಿ ಬಿಟ್ಟುಹೋದವು. ಸಾಯುವಾಗಲೂ ಅದರದೇ ನೆನಪಿದ್ದುದರಿಂದ ಜಿಂಕೆಯಾಗಿ ಹುಟ್ಟಿದ, ಮುಂದಿನ ಜನ್ಮದಲ್ಲಿ ಜಡಭರತನಾದ. ಸಾಮಾನ್ಯವಾಗಿ ಇದನ್ನು ಹೇಳುವುದು ಮಮಕಾರದ ಅಪಾಯಕ್ಕೆ ನಿದರ್ಶನವೆಂದು. ತಬ್ಬಲಿ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಹರಿಕಥೆ ಕೇಳುವ ಅಜ್ಜಿಗೆ ಅದು ಹೇಗೆ ಕೇಳಿಸೀತು ಎಂದು ಯಾರೂ ಯೋಚಿಸಿದಂತಿಲ್ಲ.

ಕಥೆಯನ್ನು ನಿಧಾನವಾಗಿ ಓದಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಆ ಕಾಡಿನಲ್ಲಿ ಭರತ ಒಬ್ಬನೇ ಇದ್ದ. ಮರಿಯನ್ನು ಒಂದು ಹೊತ್ತು ನೋಡಿಕೊಳ್ಳುತ್ತೇನೆ, ನೀನು ನದಿಗೆ ಹೋಗಿ ಜಪ ಮುಗಿಸಿ ಬಾ ಎನ್ನುವ ಇನ್ನೊಂದು ಜೀವ ಅಲ್ಲಿರಲಿಲ್ಲ. ಆ ಮರಿಯ ಚಿಂತೆಯೇ ಅವನ ಕೊನೆಯ ಚಿಂತೆಯಾಯಿತು. ನೀರಿನಲ್ಲಿ ಕೊಚ್ಚಿಹೋಗುತ್ತಿದ್ದ ಮರಿಯನ್ನು ಎತ್ತಿದ್ದು ತಪ್ಪೆಂದು ಕರುಣೆಯುಳ್ಳ ಯಾವ ಧರ್ಮವೂ ಹೇಳಲಾರದು. ಭಾರವನ್ನು ಹಂಚಿಕೊಳ್ಳಲು ಯಾರೂ ಇಲ್ಲದಿದ್ದಾಗ ಪ್ರೀತಿಯೇ ಆತಂಕವಾಗಿ ಮನಸ್ಸನ್ನು ತಿನ್ನುತ್ತದೆ. ಇದು ಭಾಷ್ಯಕಾರರ ಓದಲ್ಲ, ಆದರೆ ಕಥೆಯ ವಿವರಗಳು ಈ ಓದಿಗೆ ಇಂಬು ಕೊಡುತ್ತವೆ. ಜೊತೆಗಾರರಿದ್ದರೆ ಮಮತೆ ಆತಂಕವಾಗದೆ ಉಳಿಯಬಲ್ಲದು.

ಮಹಾಭಾರತದ ಕೊನೆಯ ಪರ್ವಗಳಲ್ಲಿ ಇದಕ್ಕೆ ಉತ್ತರದಂತಿರುವ ಒಂದು ಪ್ರಸಂಗವಿದೆ. ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ನಿಲ್ಲುತ್ತದೆ. ಉಳಿದದ್ದನ್ನು ಮುಗಿಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಗಮಕದಲ್ಲಿ ಕೊನೆಯ ಪರ್ವಗಳನ್ನು ಓದಿಸುವುದು ಕಡಿಮೆ ಎಂಬ ಕಾರಣಕ್ಕೋ ಏನೋ, ಈ ಪ್ರಸಂಗ ಕನ್ನಡಿಗರ ನೆನಪಿನಲ್ಲಿ ಅಷ್ಟಾಗಿ ಉಳಿದಿಲ್ಲ. ಅಭಿಮನ್ಯು ಸತ್ತ ಮೇಲೆ ಹುಟ್ಟಿದ ಪರೀಕ್ಷಿತ ತಂದೆಯ ಮುಖ ಕಾಣದೆ, ತಾತಂದಿರ ಆಸರೆಯಲ್ಲಿ ಬೆಳೆದವನು. ಯುದ್ಧ ಮುಗಿದು 36 ವರ್ಷ ಕಳೆದ ಮೇಲೆ, ಅವನನ್ನು ಪಟ್ಟಕ್ಕೆ ಕೂರಿಸಿದ ನಂತರವೇ ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟರು. ಹೊರಡುವ ಮುನ್ನ ಧರ್ಮರಾಯ ಮಾಡಿದ ಏರ್ಪಾಡು ಗಮನಿಸುವಂಥದ್ದು. ರಾಜ್ಯದ ಮೇಲ್ವಿಚಾರಣೆಯನ್ನು ಯುಯುತ್ಸುವಿಗೆ, ಪರೀಕ್ಷಿತನ ಶಿಕ್ಷಣವನ್ನು ಕೃಪಾಚಾರ್ಯರಿಗೆ, ಅವನ ರಕ್ಷಣೆಯನ್ನು ಅಜ್ಜಿ ಸುಭದ್ರೆಗೆ ಒಪ್ಪಿಸಿದ. ಐವರು ಗಂಡಸರೂ ದ್ರೌಪದಿಯೂ ಮುಕ್ತಿಯ ದಾರಿ ಹಿಡಿದಾಗ, ಮಗನನ್ನು ಕಳೆದುಕೊಂಡ ತಾಯಿ ಮೊಮ್ಮಗನಿಗಾಗಿ ಹಿಂದೆ ಉಳಿದಳು. ಅವಳ ಮನಸ್ಸಿನಲ್ಲಿ ಏನಿತ್ತೆಂದು ವ್ಯಾಸರು ಹೇಳುವುದಿಲ್ಲ. ಆದರೆ ಅವಳೊಬ್ಬಳ ಮೇಲೇ ಎಲ್ಲವನ್ನೂ ಹೇರಲಿಲ್ಲ. ಕಲಿಸುವವರು ಬೇರೆ, ಆಡಳಿತ ನೋಡುವವರು ಬೇರೆ, ಮಗುವಿನ ತಾಯಿ ಉತ್ತರೆಯೂ ಇದ್ದಳು. ಮೊಮ್ಮಗನನ್ನು ಸಾಕಿದ ತಾತಂದಿರನ್ನು ಮೋಹಿಗಳೆಂದು ಮಹಾಭಾರತ ಎಲ್ಲೂ ಜರಿಯುವುದಿಲ್ಲ. ವಾನಪ್ರಸ್ಥವನ್ನು ಮುಂದೂಡಿದ್ದನ್ನು ಅದು ಧರ್ಮವೆಂದೇ ಒಪ್ಪುತ್ತದೆ.

ಹಿರಿಯರ ಕಡೆಗೆ ಕಿರಿಯರ ಧರ್ಮವೇನು ಎಂಬುದನ್ನು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳೇ ಹೇಳುತ್ತವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರು ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಕ್ರಿ.ಪೂ. ಮೂರನೆಯ ಶತಮಾನದ ಬ್ರಹ್ಮಗಿರಿ ಶಾಸನ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬರೆದ ಪತ್ರದಂತಿದೆ. ಮೊದಲು ಅವರ ಆರೋಗ್ಯ ಕೋರಿ, ಆಮೇಲೆ ವಿಷಯಕ್ಕೆ ಬರುತ್ತದೆ. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರಲ್ಲಿ ತಕ್ಕಂತೆ ನಡೆದುಕೊಳ್ಳಬೇಕು. ಇದು ಹಳೆಯ ಕಾಲದಿಂದ ಬಂದ ನಡೆ, ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂಬುದು ಅದರ ಸಾರ. ಗುಳೆ ಹೋದ ಮಗನಿಗೂ ಈ ಮಾತು ಅನ್ವಯಿಸುತ್ತದೆ. ಮಗುವನ್ನು ಅವ್ವನ ಬಳಿ ಬಿಟ್ಟು ಹಣ ಕಳಿಸಿದ ಮಾತ್ರಕ್ಕೆ ಅವ್ವನ ಸೇವೆ ಮುಗಿಯುವುದಿಲ್ಲ. ಮಗುವಿಗಾಗಿ ಕಳಿಸುವ ಹಣ ಮಗುವಿನದು. ಅವ್ವನಿಗಾಗಿ ಏನು ಎಂಬ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ.

ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಇನ್ನೂ ಒಂದು ನೆನಪಿದೆ. ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಎಂದು ಸ್ಥಳಪುರಾಣ ಹೇಳುತ್ತದೆ. ವಾಲ್ಮೀಕಿಯ ಜಟಾಯು ತಾನು ಮುದುಕನೆಂದು ಬಲ್ಲವನು. ನೀನು ಯುವಕ, ಕೈಯಲ್ಲಿ ಆಯುಧವಿದೆ, ಆದರೂ ಬಿಡಲಾರೆ ಎಂದು ರಾವಣನಿಗೆ ಹೇಳಿಯೇ ಕಾದಾಡುತ್ತಾನೆ. ದಶರಥನ ಗೆಳೆಯನಾದ ಅವನಿಗೆ ಸೀತೆ ಗೆಳೆಯನ ಸೊಸೆ. ಕಾಡಿನಲ್ಲಿ ಆ ಮಕ್ಕಳಿಗೆ ಅವನೇ ಹಿರಿಯ. ರಾಮ ಬಂದು ಅವನ ಕೊನೆಯ ಮಾತು ಕೇಳಿಸಿಕೊಂಡ. ಸೀತೆಯನ್ನು ಕಳೆದುಕೊಂಡದ್ದಕ್ಕಿಂತ ತನಗಾಗಿ ಸತ್ತ ಈ ಹಕ್ಕಿಯ ಸಾವೇ ಹೆಚ್ಚು ನೋವು ಕೊಡುತ್ತಿದೆ ಎಂದ. ಮಗ ಮಾಡುವಂತೆ ಸಂಸ್ಕಾರ ಮಾಡಿದ. ಹಿರಿಯ ಜೀವದ ತ್ಯಾಗವನ್ನು ಕಿರಿಯರು ಹೇಗೆ ಕಾಣಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ. ಆದರೆ ರಾಮನಿಗೆ ಅದು ತಿಳಿದದ್ದು ಜಟಾಯುವಿನ ರೆಕ್ಕೆ ಕತ್ತರಿಸಿ ಹೋದ ಮೇಲೆ. ಊರಿನಲ್ಲಿಯೂ ಅಜ್ಜಿಯರ ತ್ಯಾಗದ ಗುಣಗಾನ ಬಹುಮಟ್ಟಿಗೆ ನಡೆಯುವುದು ಅವರ ಮಣ್ಣಿನ ದಿನವೇ.

ಚಳ್ಳಕೆರೆ ಸೀಮೆಯಲ್ಲಿ ಕರ್ಮದ ಮಾತಾಡುವಾಗ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಬಿಡಲಾಗದು. ಫಾಲ್ಗುಣದ ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಗುಳೆ ಹೋದವರೂ ಆಗ ಊರಿಗೆ ಮುಖ ಮಾಡುತ್ತಾರೆ. ಕೆರೆಗಳನ್ನು ಕಟ್ಟಿಸಿದ ಮಹಾತ್ಮನೆಂದು ಸ್ವಾಮಿಯನ್ನು ನೆನೆಯುವ ಜನರ ಬಾಯಲ್ಲಿ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಮನೆಮಾತಾಗಿದೆ. ದುಡಿದಷ್ಟಕ್ಕೆ ತಕ್ಕ ಫಲ ಸಿಗಲಿ ಎಂಬುದು ಅದರ ನೇರ ಅರ್ಥ. ನೊಂದ ಮನಸ್ಸು ಮಾತ್ರ ಅದನ್ನು ತಿರುಗಿಸಿ ಓದಿಕೊಳ್ಳುತ್ತದೆ: ಹೀಗಾಗಬೇಕಾದರೆ ಹಿಂದೆ ನಾನೇನೋ ಮಾಡಿರಬೇಕು, ಮಗ ಕುಡುಕನಾದದ್ದು ನನ್ನ ಸಾಕಣೆಯ ತಪ್ಪು, ಮಗಳ ಸಂಸಾರ ಮುರಿದದ್ದು ನನ್ನ ಪಾಪದ ಫಲ. ಕರ್ಮದ ನಂಬಿಕೆ ಸಂಕಟಕ್ಕೆ ಒಂದು ಕಾರಣ ಕೊಟ್ಟು ಸಮಾಧಾನ ತರುತ್ತದೆಂಬುದು ನಿಜ. ಕಾರಣವಿಲ್ಲದ ಸಂಕಟ ಇನ್ನೂ ಭಯಂಕರ. ಆದರೆ ಆ ಕಾರಣ ಬಂದು ನಿಲ್ಲುವುದು ತನ್ನಲ್ಲೇ ಆದಾಗ ಸಮಾಧಾನ ಆತ್ಮನಿಂದೆಯಾಗಿ ತಿರುಗುತ್ತದೆ. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಈ ಆತ್ಮನಿಂದೆಯೂ ಒಂದು. ಸ್ವಾಮಿಯ ಮಾತು ಕೆಲಸ ಮಾಡಿದವರ ಪರವಾಗಿ ಆಡಿದ್ದು. ಅದರಂತೆ ನಡೆಯುವುದಾದರೆ, ಎರಡು ತಲೆಮಾರು ಸಾಕಿದ ಕೈಗೆ ಅಷ್ಟೇ ದೊಡ್ಡದನ್ನು ಹಿಂದಿರುಗಿಸುವ ಹೊಣೆ ನೀಡುವವರ ಮೇಲಿದೆ. ದುಡಿದವಳನ್ನೇ ತಪ್ಪಿತಸ್ಥಳ ಜಾಗದಲ್ಲಿ ನಿಲ್ಲಿಸಲು ಆ ಮಾತನ್ನು ಬಳಸುವುದು ಸ್ವಾಮಿಗೆ ಮಾಡುವ ಅನ್ಯಾಯ.

ಮಗನನ್ನೋ ಮಗಳನ್ನೋ ಕಳೆದುಕೊಂಡು ಅವರ ಮಕ್ಕಳನ್ನು ಸಾಕುವ ಹಿರಿಯರ ದುಃಖ ಬೇರೆ ಬಗೆಯದು. ಅವರಿಗೆ ಅಳಲು ಹೊತ್ತಿಲ್ಲ. ದಿನದ ಕಾರ್ಯ ಮುಗಿದರೆ ಸೂತಕ ಕಳೆಯಿತೆನ್ನುತ್ತಾರೆ, ಮರುದಿನ ಮಗುವನ್ನು ಶಾಲೆಗೆ ಕಳಿಸಬೇಕು. ಮಗುವಿನ ಮುಂದೆ ಅಳಬಾರದೆಂದು ಹಿತವರೂ ಹೇಳುತ್ತಾರೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಹೊಸ ಬಟ್ಟೆಯಿಟ್ಟು, ಎಡೆ ಹಾಕಿ, ಧೂಪ ಹಿಡಿಯುವಾಗ ತಾಯಿ ತಾನು ಹೆತ್ತ ಮಗನನ್ನೇ ಹಿರಿಯನೆಂದು ಕರೆಯಬೇಕಾಗುತ್ತದೆ. ಕ್ರಮವೇ ತಿರುವುಮುರುವಾಗಿರುವ ಆ ದಿನ ಅವಳ ಪಕ್ಕದಲ್ಲಿ ಯಾರಾದರೂ ಇರಬೇಕು. ಬೌದ್ಧರ ಉದಾನ ಎಂಬ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಮೊಮ್ಮಗು ಸತ್ತ ದುಃಖದಲ್ಲಿ ಉಪಾಸಕಿ ವಿಶಾಖೆ ಒದ್ದೆ ಬಟ್ಟೆ, ಒದ್ದೆ ಕೂದಲಲ್ಲಿ ನಡುಮಧ್ಯಾಹ್ನ ಬುದ್ಧನ ಬಳಿ ಬಂದಳು. ಪ್ರಿಯರು ನೂರಿದ್ದರೆ ದುಃಖವೂ ನೂರು ಎಂಬ ಬೋಧನೆಗಾಗಿ ಆ ಪ್ರಸಂಗ ಪ್ರಸಿದ್ಧ. ಆದರೆ ಬೋಧನೆಗೆ ಮುನ್ನ ಬುದ್ಧ ಕೇಳಿದ್ದು, ಈ ಹೊತ್ತಲ್ಲದ ಹೊತ್ತಿನಲ್ಲಿ ಹೀಗೇಕೆ ಬಂದೆ ಎಂದು. ವೈರಾಗ್ಯದ ಮಾತು ಹೇಳಲು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಮೊದಲು ಕೇಳಿಸಿಕೊಳ್ಳುವ ಕಿವಿ ಬೇಕು.

ಕೇಳಿಸಿಕೊಳ್ಳುವುದೇ ಒಂದು ಚಿಕಿತ್ಸೆ ಎಂಬುದು ಈಗ ಪರೀಕ್ಷೆಗೆ ಒಳಪಟ್ಟು ಸಿದ್ಧವಾದ ಮಾತು. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅಜ್ಜಿಯರಿಗೇ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಬೆಂಚು ಹಾಕಿ ಕೂರಿಸಿದರು. ನೊಂದವರು ಬಂದು ಪಕ್ಕದಲ್ಲಿ ಕೂತು ಮಾತಾಡುತ್ತಾರೆ, ಅಜ್ಜಿಯರು ಸಮಸ್ಯೆಯನ್ನು ಬಿಡಿಸಿ ಒಂದೊಂದಾಗಿ ಎದುರಿಸಲು ನೆರವಾಗುತ್ತಾರೆ. ಇದರಿಂದ ಖಿನ್ನತೆ, ಆತಂಕದ ಲಕ್ಷಣಗಳು ಗಣನೀಯವಾಗಿ ತಗ್ಗಿದ್ದನ್ನು ತೋರಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹಟ್ಟಿಯ ದೇವಸ್ಥಾನದ ಕಟ್ಟೆಗೆ ಅಂಥ ಬೆಂಚಾಗುವ ಯೋಗ್ಯತೆ ಇದೆ. ಸೋಮವಾರದ ಭಜನೆಗೆ ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದು ಭಜನೆಯವರೇ ಹೇಳಿದರೆ ಅರ್ಧ ಕೆಲಸ ಆದಂತೆ. ಮಗು ಗಲಾಟೆ ಮಾಡುತ್ತದೆಂಬ ಸಂಕೋಚಕ್ಕೆ ದೇವರ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ ಹಿರಿಯರಿದ್ದಾರೆ, ಅವರಿಗೆ ಅದು ಭಕ್ತಿಯ ನಷ್ಟವಷ್ಟೇ ಅಲ್ಲ, ಸಂಗಾತದ ನಷ್ಟ ಕೂಡ.

ಊರೇ ಹೊಣೆ ಹೊರುವ ಪದ್ಧತಿ ಈ ಸೀಮೆಗೆ ಅಪರಿಚಿತವಲ್ಲ. ಇಲ್ಲಿನ ಮ್ಯಾಸನಾಯಕ ಬುಡಕಟ್ಟಿನ ದೇವರ ಎತ್ತುಗಳು ಯಾವ ಒಂದು ಮನೆಯ ಸೊತ್ತೂ ಅಲ್ಲ. ಅವನ್ನು ಕಾಯುವ ಕಿಲಾರಿಗಳು ಅವುಗಳ ಹಿಂದೆ ಅಲೆಯುತ್ತಾರೆ, ಕಿಲಾರಿಗಳ ಹೊಟ್ಟೆಬಟ್ಟೆಯನ್ನು ಸಮುದಾಯ ನೋಡಿಕೊಳ್ಳುತ್ತದೆ, ಬರ ಬಂದರೆ ಮೇವಿಗಾಗಿ ಊರೂರು ಕೈಜೋಡಿಸುತ್ತದೆ. ಬುಡಕಟ್ಟಿನ ಹಿರಿಯರು ಸೇರುವ ನನ್ನಿವಾಳದಂಥ ಕಟ್ಟೆಮನೆಗಳಲ್ಲಿ ಈ ಹೊಣೆಯ ನೆನಪು ಇನ್ನೂ ಜೀವಂತವಾಗಿದೆ. ದೇವರದೆಂದು ಒಪ್ಪಿಕೊಂಡ ಜೀವವನ್ನು ಸಾಕುವವನು ಒಬ್ಬನೇ ಸೋಲಬಾರದು ಎಂಬ ತಿಳಿವಳಿಕೆ ಆ ಪದ್ಧತಿಯಲ್ಲಿದೆ. ತಬ್ಬಲಿ ಮಗುವನ್ನೂ ದೇವರ ಮಗುವೆಂದೇ ಕರೆಯುತ್ತಾರೆ. ಹಾಗೆ ಕರೆದ ಮೇಲೆ ಅದರ ಕಿಲಾರಿಯಾದ ಅಜ್ಜ ಅಜ್ಜಿಯರ ಹೊಟ್ಟೆಬಟ್ಟೆ, ನಿದ್ದೆ, ನೆಮ್ಮದಿ ಹಟ್ಟಿಯ ಜವಾಬ್ದಾರಿಯಾಗಲೇಬೇಕು. ವಾರಕ್ಕೆ ಎರಡು ಮಧ್ಯಾಹ್ನ ನೆರೆಮನೆಯವರು ಮಗುವನ್ನು ನೋಡಿಕೊಂಡು ಅಜ್ಜಿಗೆ ಮಲಗಲು ಬಿಡುವುದರಿಂದಲೂ ಇದು ಶುರುವಾಗಬಹುದು.

ಸರ್ಕಾರದ ಕಡೆಯಿಂದ ಸಿಗುವ ನೆರವುಗಳು ಹಲವಾರಿವೆ, ಆದರೆ ಅವು ಚದುರಿಹೋಗಿವೆ. ಮೊಳಕಾಲ್ಮುರಿಗೆ ಹೊಂದಿಕೊಂಡ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಿಸುವುದು. ಬಳ್ಳಾರಿ ಮಾದರಿ ಎಂದು ಹೆಸರಾದ ಇದೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ದೇಶಕ್ಕೆ ದಾರಿ ತೋರಿಸಿದ ಸೀಮೆಯ ಪಕ್ಕದಲ್ಲೇ ಹಿರಿಯರು ನೋವಿನ ಮಾತ್ರೆ ನುಂಗಿಕೊಂಡು ಕೂತಿರುವುದು ಸಂಕಟದ ಸಂಗತಿ. ಆಸ್ಪತ್ರೆಗೆ ಹೋಗಲು ಆಗದವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ಈ ಸೇವೆ ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಆಶಾ ಕಾರ್ಯಕರ್ತೆ ಮಗುವಿನ ಲಸಿಕೆ ಕೇಳಲು ಬಂದಾಗ, ನಿಮಗೆ ನಿದ್ದೆ ಬರುತ್ತದೆಯೇ ಅಜ್ಜಿ ಎಂದೂ ಕೇಳಿದರೆ ಈ ಸಂಖ್ಯೆಗಳು ಮನೆಯೊಳಗೆ ಬಂದಾವು.

ಹಣದ ಚಿಂತೆ ಕಡಿಮೆಯಾಗದೆ ಮನಸ್ಸಿನ ಮಾತಾಡುವುದು ಅರ್ಧ ಸತ್ಯ. ತಂದೆತಾಯಿ ಇಲ್ಲದೆ ಬಂಧುಗಳ ಬಳಿ ಬೆಳೆಯುವ ಮಗುವಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೋವಿಡ್‌ನಿಂದ ತಬ್ಬಲಿಯಾದ ಮಕ್ಕಳಿಗೆ ರಾಜ್ಯ 2021ರಲ್ಲಿ ಘೋಷಿಸಿದ ಬಾಲ ಸೇವಾ ಯೋಜನೆಯ ಮೊತ್ತ ತಿಂಗಳಿಗೆ 3,500 ರೂಪಾಯಿ. ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಮೂರು ವರ್ಷದೊಳಗಿನ ಕೂಸುಗಳಿಗೆ ಗ್ರಾಮ ಪಂಚಾಯಿತಿಯ ಕೂಸಿನ ಮನೆ ಇರುವ ಕಡೆ ಹಗಲಿನ ಕೆಲವು ಗಂಟೆ ಬಿಡುವು ಸಿಗುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬೆಂಗಳೂರಿನಲ್ಲಿರುವ ತಾಯಿ ಸುಮಾರು 200 ಕಿ.ಮೀ. ದೂರದ ಚಳ್ಳಕೆರೆಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಬರಬಹುದು. ತಿಂಗಳಿಗೊಮ್ಮೆ ಬಂದು ಎರಡು ದಿನ ಮಗುವಿನ ಪೂರ್ತಿ ಕೆಲಸ ತಾನೇ ಮಾಡಿ, ಅತ್ತೆಯನ್ನೋ ಅವ್ವನನ್ನೋ ಸುಮ್ಮನೆ ಕೂರಿಸಿದರೆ ಅದು ಯಾವ ಔಷಧಕ್ಕೂ ಕಡಿಮೆಯಲ್ಲ.

ಕಾನೂನು ಹಿರಿಯರ ಪರವಾಗಿ ನಿಲ್ಲುವುದು ಅರ್ಧ ದಾರಿಯವರೆಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ ತಮ್ಮನ್ನು ತಾವು ಸಾಕಿಕೊಳ್ಳಲಾಗದ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಮಕ್ಕಳಿಂದ ಜೀವನಾಂಶ ಕೇಳಬಹುದು. ವಯಸ್ಕರಾದ ಮೊಮ್ಮಕ್ಕಳೂ ಆ ಕಾಯ್ದೆಯಲ್ಲಿ ‘ಮಕ್ಕಳು’ ಎಂಬುದರಲ್ಲಿ ಸೇರುತ್ತಾರೆ. ಮಗ್ಗಲು ಬದಲಿಸಿ ನೋಡಿದರೆ, ಮೊಮ್ಮಗುವನ್ನು ಸಾಕುತ್ತಿರುವ ಅಜ್ಜಿಗೆ ಅದರ ಮೇಲೆ ಹಕ್ಕು ತಾನಾಗಿ ಬರುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಸಹಜ ಪಾಲಕರೆಂದರೆ ತಂದೆ, ತಾಯಿ. ಅಜ್ಜಿ ತಾತಂದಿರು ಪಾಲಕರೆನಿಸಿಕೊಳ್ಳಬೇಕಾದರೆ 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಬೇಕು. ಹತ್ತು ವರ್ಷ ಎದೆಗವಚಿಕೊಂಡು ಬೆಳೆಸಿದ ಮಗುವನ್ನು ತಂದೆ ಒಂದು ದಿನ ಬಂದು ಬೆಂಗಳೂರಿನ ಶಾಲೆಗೆಂದು ಕರೆದುಕೊಂಡು ಹೋದರೆ ಯಾರೂ ತಡೆಯಲಾರರು, ತಡೆಯಬೇಕೆಂದೂ ಇಲ್ಲ. ಮಗುವಿಗೆ ಒಳ್ಳೆಯದೇ ಆಗಬಹುದು. ಆದರೆ ಆ ಮನೆಯಲ್ಲಿ ಉಳಿದವರಿಗೆ ಅದು ಸಾವಿಗೆ ಸಮನಾದ ಅಗಲಿಕೆ. ಅದಕ್ಕೆ ಸೂತಕವಿಲ್ಲ, ಮಾತಾಡಿಸಲು ಬರುವ ನೆಂಟರಿಲ್ಲ. ಒಂದೇ ಸಲಕ್ಕೆ ಕರೆದೊಯ್ಯದೆ ರಜೆಗೆ ಹೋಗಿ ಬರುವುದರಿಂದ ಶುರು ಮಾಡಬೇಕು. ಹೋದ ಮೇಲೂ ಫೋನು ನಿಲ್ಲಬಾರದು, ದಸರಾ ಬೇಸಿಗೆಯ ರಜೆಗಳಲ್ಲಿ ಮಗು ಹಟ್ಟಿಗೆ ಬರಬೇಕು. ಇದೂ ಹಿರಿಯರ ಸೇವೆಯ ಭಾಗವೇ.

ತಾವು ಹೋದ ಮೇಲೆ ಮಗುವಿನ ಗತಿಯೇನು ಎಂಬ ಚಿಂತೆ ತಬ್ಬಲಿಗಳನ್ನು ಸಾಕುವ ಎಲ್ಲ ಹಿರಿಯರನ್ನೂ ರಾತ್ರಿ ಎಬ್ಬಿಸುತ್ತದೆ. ದೇವರಿದ್ದಾನೆ ಎಂದರೆ ಅದು ಪೂರ್ತಿ ತಣಿಯುವುದಿಲ್ಲ. ಸೋದರಮಾವನೋ ಚಿಕ್ಕಮ್ಮನೋ ನೆರೆಯವರೋ ಮುಂದೆ ಯಾರು ನೋಡಿಕೊಳ್ಳುತ್ತಾರೆಂದು ಈಗಲೇ ಕೂತು ಮಾತಾಡಿ, ಮಗುವಿಗೂ ತಿಳಿಯುವಂತೆ ಹೇಳಬೇಕು. ಶಾಲೆಯ ದಾಖಲೆ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳಲ್ಲಿ ಮಗುವಿನ ಹೆಸರು ಸರಿಯಾಗಿರುವಂತೆ ನೋಡಿಕೊಳ್ಳಬೇಕು. ಜಮೀನಿದ್ದರೆ ಪೌತಿ ಖಾತೆ ಮಾಡಿಸಿ, ಸತ್ತ ಮಗನ ಪಾಲು ಅವನ ಮಕ್ಕಳಿಗೆ ಸೇರುವಂತೆ ಕಾಗದಪತ್ರ ಮಾಡಿಸಿಡಬೇಕು. ಇಷ್ಟಾದರೆ ಅಜ್ಜಿಗೆ ಬೆಳಗಿನ ಮೂರರ ಬದಲು ಐದರವರೆಗೆ ನಿದ್ದೆ ಬಂದೀತು.